ಕುಬಸದ ಮನೆಯ ಪಂಚನಾಮೆ

ಪಂಚನಾಮೆಯ ಕೊನೆಯಲ್ಲಿ ಒಂದು ವಾಕ್ಯ ಇರುತ್ತದೆ: ‘ಸದರಿ ಪಂಚನಾಮೆಯನ್ನು ಸ್ಥಳದಲ್ಲಿಯೇ ಬರೆದು, ಪಂಚರಿಗೆ ಓದಿ ಹೇಳಿ, ಸರಿ ಇದೆ ಎಂದು ಅವರು ಒಪ್ಪಿದ ಮೇಲೆ ಸಹಿ ಪಡೆಯಲಾಗಿದೆ.’ ಮೂವತ್ತೆರಡು ವರ್ಷದ ಕಂದಾಯ ಇಲಾಖೆಯ ನೌಕರಿಯಲ್ಲಿ ಈ ವಾಕ್ಯವನ್ನು ಎಷ್ಟು ಸಲ ಬರೆದೆನೋ ನೆನಪಿಲ್ಲ. ನಿವೃತ್ತಿಯಾದ ಮೇಲೆ ಬೈಲಹೊಂಗಲದಲ್ಲಿ ಹೊಸ ನೌಕರರಿಗೆ ಚುನಾವಣಾ ಕೆಲಸದ ಬಗ್ಗೆ ಮಾತಾಡಲು ಕರೆದಿದ್ದರು. ಎರಡನೇ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ಕೇಳಿದಳು: ‘ಮೇಡಂ, ನೀವು ಬರದ ಪಂಚನಾಮೆದಾಗ ಆ ವಾಕ್ಯ ಎಷ್ಟ್ ಸಲ ಖರೆ ಇತ್ರಿ?’

ಎಲ್ಲರೂ ನಕ್ಕರು. ನಾನೂ ನಕ್ಕು ಮುಂದಿನ ವಿಷಯಕ್ಕೆ ಹೋದೆ. ಅಂದು ಕೊಡದೆ ಬಿಟ್ಟ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆಯ ಮಾತು. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ದಾಖಲೆಯಿಲ್ಲದ ನೆನಪನ್ನು ನಂಬಬೇಡಿ ಎಂದು ಅಲ್ಲಿ ಕಲಿಸಿದ್ದರು. ಅದಕ್ಕಾಗಿಯೇ ನೌಕರಿ ಸೇರಿದ ದಿನದಿಂದ ಡೈರಿ ಬರೆಯುತ್ತ ಬಂದೆ. ಇಲ್ಲಿ ಹೇಳುವುದರಲ್ಲಿ ಡೈರಿಯಲ್ಲಿರುವುದು ಯಾವುದು, ನನ್ನ ತಲೆಯಲ್ಲಿ ಮಾತ್ರ ಇರುವುದು ಯಾವುದು ಎಂದು ಬೇರೆ ಮಾಡಿ ಹೇಳಲು ಪ್ರಯತ್ನಿಸುತ್ತೇನೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕೊನೆಗೆ ಕಿತ್ತೂರು: ಈ ನಾಲ್ಕು ಊರುಗಳ ಕಚೇರಿಗಳಲ್ಲಿಯೇ ನನ್ನ ಸೇವೆ ಸುತ್ತಿತು. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಮುಖ್ಯ ಘಟನೆ ನಡೆದ ಊರು ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿಯದು ಎಂದೂ ಹೇಳುವುದಿಲ್ಲ. ಆ ಮನೆಯಲ್ಲಿ ಅಂದು ಬಸುರಿಯಾಗಿದ್ದವಳ ಮಗು ಈಗ ಸಾಲೆಗೆ ಹೋಗುತ್ತಿರಬೇಕು. ಅದಕ್ಕೂ ಈ ಕಥೆಗೂ ಸಂಬಂಧವಿಲ್ಲ.

ನಾನು ಸೇರಿದ ಹೊಸತರಲ್ಲಿ ಚುನಾವಣೆಯ ಖರ್ಚು ಎಂದರೆ ಗೋಡೆ. ರಾಮದುರ್ಗದಲ್ಲಿ ಗೋಡೆಬರಹ ಅಳೆಯಲು ನನ್ನನ್ನೂ ಒಬ್ಬ ತಲಾಠಿಯನ್ನೂ, ಅಂದರೆ ಗ್ರಾಮಲೆಕ್ಕಿಗನನ್ನೂ, ಕಳಿಸಿದರು. ಟೇಪು ಕೊಟ್ಟಿರಲಿಲ್ಲ. ಆತ ತೋಳು ಚಾಚಿ ಗೋಡೆಗೆ ಎದೆಯಾನಿಸಿ ಮಾರು ಲೆಕ್ಕ ಹಾಕುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಬಣ್ಣ ಇನ್ನೂ ಹಸಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಆತನ ಬಿಳಿ ಅಂಗಿಯ ಮೇಲೆ ಪಕ್ಷದ ಚಿಹ್ನೆ ಮೂಡಿತ್ತು.

‘ಅಕ್ಕಾರ, ನನ್ನ ಮ್ಯಾಲೂ ಒಂದ್ ಕೇಸ್ ಹಾಕ್ರಿ,’ ಎಂದ. ‘ಮುಂಜಾನಿಂದ ಪುಕ್ಕಟ ಪ್ರಚಾರ ಮಾಡಾಕತ್ತೇನಿ.’

ಇದು ಡೈರಿಯಲ್ಲಿದೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಆಮೇಲೆ ಕ್ಯಾಮೆರಾ ಬಂತು, ಸಂಚಾರಿ ದಳ ಬಂತು, ಅಭ್ಯರ್ಥಿ ಬರೆಯುವ ಲೆಕ್ಕದ ಪಕ್ಕದಲ್ಲಿ ನಾವೇ ಬರೆಯುವ ಇನ್ನೊಂದು ವಹಿ ಬಂತು. ಖುರ್ಚಿಗೆ, ಶಾಮಿಯಾನಕ್ಕೆ, ಊಟಕ್ಕೆ ದರಪಟ್ಟಿ ಬಂತು. ಸವದತ್ತಿಯಲ್ಲಿ ಒಬ್ಬ ಅಭ್ಯರ್ಥಿಯ ಏಜೆಂಟರು ಮುಖ ಕೆಂಪಗೆ ಮಾಡಿಕೊಂಡು ಕಚೇರಿಗೆ ಬಂದು, ‘ನಮ್ಮ ಹುಗ್ಗಿಯೊಳಗ ಗೋಡಂಬಿ ಇರಲಿಲ್ರಿ. ಗೋಡಂಬಿ ಹುಗ್ಗಿ ರೇಟ್ ಹೆಂಗ ಹಚ್ಚಿದ್ರಿ?’ ಎಂದು ಜಗಳ ತೆಗೆದರು. ಜಗಳ ಹೈಕೋರ್ಟಿನವರೆಗೂ ಹೋಯಿತು. ಚುನಾವಣೆ ನಡೆಯುತ್ತಿರುವಾಗ ನಾವು ನಡುವೆ ಕೈ ಹಾಕುವುದಿಲ್ಲ, ಮುಗಿದ ಮೇಲೆ ತಕರಾರಿದ್ದರೆ ಅರ್ಜಿ ಹಾಕಿ ಎಂದು ನ್ಯಾಯಮೂರ್ತಿಗಳು ಹೇಳಿ ಕಳಿಸಿದರು. ಏಜೆಂಟರು ಬಂದು ನಮಗೆ ಪೇಢೆ ಕೊಟ್ಟು ಹೋದರು, ಯಾಕೆಂದು ಇವತ್ತಿಗೂ ತಿಳಿದಿಲ್ಲ.

ಹೊಸಬರು ತಿಳಿಯಬೇಕಾದದ್ದು ಇಷ್ಟು. ಕಾನೂನಿನ ಪುಸ್ತಕದಲ್ಲಿ ಈ ವಿಷಯಕ್ಕೆ ಇರುವುದು ಕೆಲವೇ ಸಾಲು. ಅಭ್ಯರ್ಥಿ ತಾನು ಮಾಡಿದ ಖರ್ಚನ್ನೂ ತನ್ನ ಒಪ್ಪಿಗೆಯಿಂದ ಬೇರೆಯವರು ಮಾಡಿದ ಖರ್ಚನ್ನೂ ತೋರಿಸಬೇಕು. ಮಿತಿ ದಾಟಬಾರದು. ಮತಕ್ಕಾಗಿ ಉಡುಗೊರೆ ಕೊಡಬಾರದು. ಆದರೆ ಒಂದು ಮನೆಯ ಕಾರ್ಯ ಯಾವಾಗ ಪ್ರಚಾರವಾಗುತ್ತದೆ, ಉಡಿ ತುಂಬುವುದು ಯಾವಾಗ ಲಂಚವಾಗುತ್ತದೆ ಎಂದು ಆ ಸಾಲುಗಳು ಹೇಳುವುದಿಲ್ಲ. ಅದನ್ನು ಹೇಳುವವರು ಹೈಕೋರ್ಟಿನ ನ್ಯಾಯಮೂರ್ತಿಗಳು. ಸೋತವರು ತಂದ ಚುನಾವಣಾ ತಕರಾರು ಅರ್ಜಿಯನ್ನು ವಿಚಾರಿಸುತ್ತ, ಒಂದೊಂದು ತೀರ್ಪಿನ ಒಂದೊಂದು ಪ್ಯಾರಾದಲ್ಲಿ ಹೇಳುತ್ತಾರೆ. ಆ ಪ್ಯಾರಾಕ್ಕೆ ಬೇಕಾದ ಸಾಮಾನು ಹೋಗಬೇಕಾದದ್ದು ನಮ್ಮ ಕೈಯಿಂದ, ಬಿಸಿಲಲ್ಲಿ ನಿಂತು ಬರೆಯುವವರ ಕೈಯಿಂದ. ನಾನು ಎಂಥ ಸಾಮಾನು ಕಳಿಸಿದೆ ಎಂಬುದನ್ನು ಈಗ ಹೇಳುತ್ತೇನೆ.

ವಿಧಾನಸಭೆಯ ಒಂದು ಚುನಾವಣೆಯಲ್ಲಿ ಸಂಚಾರಿ ದಳವೊಂದು ನನ್ನ ಕೈಕೆಳಗಿತ್ತು. ಜೊತೆಗೆ ಒಬ್ಬ ಪೊಲೀಸ್ ಪೇದೆ, ಮತ್ತು ಮಹಾಂತೇಶ ಎಂಬ ವಿಡಿಯೊಗ್ರಾಫರ್. ಮದುವೆ ಸ್ಟುಡಿಯೊ ಇಟ್ಟುಕೊಂಡಿದ್ದ ನಲವತ್ತರ ಆಸಾಮಿ. ಒಂದು ಊರಲ್ಲಿ ಕುಬಸದ, ಅಂದರೆ ಸೀಮಂತದ, ಹೆಸರಲ್ಲಿ ಊರಿಗೆಲ್ಲ ಊಟ ಹಾಕಿ ಹೆಣ್ಣುಮಕ್ಕಳಿಗೆ ಕುಪ್ಪಸದ ಖಣ ಹಂಚುತ್ತಿದ್ದಾರೆ ಎಂದು ಫೋನ್ ಬಂತು. ಮನೆ, ಅಭ್ಯರ್ಥಿಯ ಪರವಾಗಿ ಓಡಾಡುತ್ತಿದ್ದ ಒಬ್ಬ ದೊಡ್ಡ ಹಿಡುವಳಿದಾರರದು. ನಾವು ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಅಂಗಳ ತುಂಬ ಪೆಂಡಾಲು, ಮೈಕು, ಪಂಕ್ತಿ. ಒಂದು ಕಡೆ ಹೆಂಗಸರ ಉದ್ದ ಸಾಲು. ಸಾಲಿನ ಕೊನೆಯಲ್ಲಿ ಮನೆಯ ಹಿರಿಯಳು ಪಾರ್ವತೆವ್ವ, ಒಬ್ಬೊಬ್ಬರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಹಾಕಿ ಉಡಿ ತುಂಬುತ್ತಿದ್ದರು. ಆಕೆಯ ಹಿಂದೆ ಖಣದ ರಟ್ಟಿನ ಡಬ್ಬಿಗಳ ರಾಶಿ.

ಮಹಾಂತೇಶ ಕ್ಯಾಮೆರಾ ಕಣ್ಣಿಗೆ ಹಿಡಿದು ಒಂದು ಸುತ್ತು ಹೊಡೆದು ಬಂದ. ‘ಮೇಡಂ, ಇಷ್ಟ್ ಕುಬಸ ಶೂಟಿಂಗ್ ಮಾಡೇನಿ. ಬಸುರಿ ಇಲ್ಲದ ಕುಬಸ ಇದ ಮೊದಲಿಂದು.’

‘ಒಳಗ ಇರಬೇಕಪಾ.’

‘ಒಳಗ ಅದಾಳ್ರಿ. ಖುರ್ಚಿ ಮ್ಯಾಲ ನಿದ್ದಿ ಹತ್ತೇತಿ, ಪಾಪ. ಆಕಿ ಕಡೆ ಯಾರಿಗೂ ಲಕ್ಷ್ಯ ಇಲ್ಲ.’

ಪಾರ್ವತೆವ್ವ ನನ್ನನ್ನು ನೋಡಿದವರೇ ಸಾಲು ನಿಲ್ಲಿಸಿ ಬಂದರು. ‘ಬರ್ರಿ ಬಾಯಾರ, ಬಿಸಲಾಗ ಯಾಕ ನಿಂತ್ರಿ.’

‘ಡ್ಯೂಟಿ ಮ್ಯಾಲ ಬಂದೇವ್ರಿ ಯವ್ವಾ.’

‘ಡ್ಯೂಟಿಯವರಿಗೆ ಹೊಟ್ಟಿ ಇರಂಗಿಲ್ಲೇನ್ರಿ? ಕುಬಸದ ಮನಿಯಿಂದ ಬರಿಗೈಲೆ ಹೋದ್ರ ನನ್ನ ಸ್ವಸಿಗೆ ಛಲೋ ಅಲ್ಲ. ಸೆರಗ ಒಡ್ಡ್ರಿ.’

ಇಲ್ಲಿಯವರೆಗೆ ನನ್ನ ಡೈರಿಯೂ ನನ್ನ ನೆನಪೂ ಒಂದನ್ನೇ ಹೇಳುತ್ತವೆ. ಮುಂದಿನದನ್ನು ಎರಡು ವರ್ಷ ನಾನು ನೆನಪಿಟ್ಟುಕೊಂಡಿದ್ದ ರೀತಿ ಹೀಗೆ: ನಾನು ಕೈಮುಗಿದು ಬೇಡ ಎಂದೆ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರವಿ ಅಲ್ಲಿಯೇ ಪಂಚನಾಮೆ ಬರೆದೆ. ಬಿಸಿಲಿಗೆ ಕಾದ ತಗಡು ಮೊಣಕೈಗೆ ಚುರುಕು ಮುಟ್ಟಿಸಿದ್ದೂ ನೆನಪಿತ್ತು. ಇಬ್ಬರು ಪಂಚರು, ಅಂದರೆ ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು, ಸಹಿ ಮಾಡಿದರು. ನಾವು ಹೊರಟೆವು.

ಆ ಮನೆಯವರ ಅಭ್ಯರ್ಥಿ ಗೆದ್ದ. ಸೋತವನು ನಿಗದಿತ ಅವಧಿಯೊಳಗೆ ಹೈಕೋರ್ಟಿಗೆ ಅರ್ಜಿ ಹಾಕಿದ. ಕುಬಸದ ಊಟ, ಖಣ ಎಲ್ಲ ಗೆದ್ದವನ ಚುನಾವಣಾ ಖರ್ಚು, ಮತದಾರರಿಗೆ ಕೊಟ್ಟ ಲಂಚ, ಆದ್ದರಿಂದ ಆಯ್ಕೆ ರದ್ದಾಗಬೇಕು ಎಂಬುದು ಅವನ ವಾದ. ನನ್ನ ಪಂಚನಾಮೆಯೇ ಅದಕ್ಕೆ ಮುಖ್ಯ ಕಾಗದ. ಮಹಾಂತೇಶನ ವಿಡಿಯೊ ಸಾಕ್ಷ್ಯವಾಗಿ ನಿಲ್ಲದೆ ಮೊದಲೇ ಬಿದ್ದುಹೋಗಿತ್ತು. ನಕಲಿನ ಜೊತೆ ಕೊಡಬೇಕಾದ ಪ್ರಮಾಣಪತ್ರವನ್ನು ಯಾರೂ ಕೊಟ್ಟಿರಲಿಲ್ಲ. ಮೂಲ ಕಾರ್ಡಿನ ಮೇಲೆ ಅಷ್ಟರಲ್ಲಿ ಯಾರದೋ ಮದುವೆ ಕೂತಿತ್ತು. ಎರಡು ವರ್ಷದ ಮೇಲೆ ನನಗೆ ಸಾಕ್ಷಿ ಸಮನ್ಸ್ ಬಂತು.

ಸಾಕ್ಷಿಯ ಹಿಂದಿನ ಭಾನುವಾರ ಮಧ್ಯಾಹ್ನ ಆ ವರ್ಷದ ಡೈರಿ ತೆಗೆದೆ. ಹೊತ್ತು, ತಾರೀಖು ಸರಿ ನೋಡಿಕೊಳ್ಳೋಣ ಎಂದಷ್ಟೇ ಇತ್ತು. ಆ ದಿನದ ಪುಟದಲ್ಲಿ ನನ್ನದೇ ಅಕ್ಷರ: ‘ಪಾರ್ವತೆವ್ವ ನನಗೂ ಉಡಿ ತುಂಬಿದರು. ಆರು ವರ್ಷದ ಮೇಲೆ. ನೇರಳೆ ಖಣ. ಬೇಡ ಅನ್ನಲಾಗಲಿಲ್ಲ.’ ಅದರ ಕೆಳಗೆ ಎರಡು ಸಾಲು. ಅವುಗಳ ಮೇಲೆ ಅವತ್ತು ನನ್ನ ಕಣ್ಣು ನಿಲ್ಲಲಿಲ್ಲ. ಕೊನೆಗೆ: ‘ಉಂಡು ಹೊರಟೆವು. ಕಚೇರಿಗೆ ಬಂದು ಪಂಚನಾಮೆ ಬರೆದೆ. ಚಹಾ ತಂದ ಬಸಪ್ಪನೂ ಅವನ ತಮ್ಮನೂ ಸಹಿ ಮಾಡಿ ಹೋದರು.’

ಬಸಪ್ಪ ನಮ್ಮ ಕಚೇರಿಯ ಎದುರಿನ ಚಹಾದ ಅಂಗಡಿಯವನು. ಕಚೇರಿಯ ಕಾಯಂ ಪಂಚ. ಊರಾಚೆಯ ಮರಳು, ಕೆರೆಯ ಮಣ್ಣು, ಸುಟ್ಟ ಬಣವೆ, ಎಲ್ಲವನ್ನೂ ಆತ ಅಂಗಡಿಯಲ್ಲಿ ಕುಳಿತೇ ಕಣ್ಣಾರೆ ಕಂಡಿದ್ದ. ಹಾಗೆ ಮಾಡಬಾರದೆಂದು ಎಲ್ಲರಿಗೂ ಗೊತ್ತಿತ್ತು. ಊರವರು ಸಹಿ ಮಾಡಲು ಹಿಂದೆ ಸರಿಯುತ್ತಾರೆ, ಬಸಪ್ಪ ಸರಿಯುವುದಿಲ್ಲ, ಅಷ್ಟೇ ಕಾರಣ.

ಟ್ರಂಕಿನ ತಳದಲ್ಲಿ ಖಣ ಇತ್ತು. ಹೊಲಿಸಿರಲಿಲ್ಲ, ಯಾರಿಗೂ ಕೊಟ್ಟೂ ಇರಲಿಲ್ಲ. ಬಾನೆಟ್ಟಿನ ಬಿಸಿ ಎಲ್ಲಿಂದ ಬಂತು ಎಂದು ನಾನು ಬಹಳ ಯೋಚಿಸಿದ್ದೇನೆ. ಆ ಕಾಗದವನ್ನು ಎರಡು ವರ್ಷದಲ್ಲಿ ವಕೀಲರಿಗೆ, ಸಾಹೇಬರಿಗೆ, ಮೇಲಿನ ಕಚೇರಿಗೆ ಹತ್ತಾರು ಸಲ ಓದಿ ಹೇಳಿದ್ದೆ. ‘ಸ್ಥಳದಲ್ಲಿಯೇ ಬರೆದು’ ಎಂಬ ಮಾತು ಓದುತ್ತ ಓದುತ್ತ ಸ್ಥಳವನ್ನೇ ಹುಟ್ಟಿಸಿಕೊಂಡಿತ್ತು. ನಾನು ಸುಳ್ಳು ಹೇಳಲು ಹೊರಟಿರಲಿಲ್ಲ. ಸುಳ್ಳನ್ನು ನಂಬಿದ್ದೆ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಈಗಲೂ ತೀರ್ಮಾನಿಸಲಾಗಿಲ್ಲ.

ಮರುದಿನ ನಮ್ಮ ಸಾಹೇಬರ ಮುಂದೆ ಡೈರಿ ಇಟ್ಟೆ. ಒಳ್ಳೆಯ ಮನುಷ್ಯ, ನನಗಿಂತ ಚಿಕ್ಕವರು. ಓದಿ, ಮುಚ್ಚಿ, ನನ್ನ ಕಡೆ ಸರಿಸಿದರು.

‘ಬಾಯಾರ, ಇದು ಸರಕಾರಿ ದಾಖಲೆ ಅಲ್ಲ. ನಿಮ್ಮ ಮನಿ ವಹಿ. ಇದನ್ನ ಯಾರೂ ಕೇಳಂಗಿಲ್ಲ.’

‘ಪಂಚನಾಮೆ ಅಲ್ಲೇ ಬರದಿರೇನು ಅಂತ ಕೇಳೇ ಕೇಳತಾರಲ್ರಿ ಸರ್.’

‘ಕೇಳಿದ್ರ ಕಾಗದ ಏನ್ ಹೇಳತೈತಿ, ಅದನ್ನ ಹೇಳ್ರಿ. ನಿವೃತ್ತಿಗೆ ಎಷ್ಟ್ ಉಳದೈತಿ ನಿಮಗ?’

‘ಎರಡು ವರ್ಷ.’

‘ಎರಡು ವರ್ಷದಾಗ ಇಲಾಖಾ ವಿಚಾರಣಿ ಮುಗಿಯಂಗಿಲ್ಲ. ಪೆನ್ಶನ್ ನಿಂತಬಿಡತೈತಿ. ಅದರ ಮ್ಯಾಲ, ನೀವು ಖರೆ ಹೇಳಿದ್ರ ಖಣ ಹಂಚಿದವರು ಗೆಲ್ಲತಾರ. ಯಾರಿಗೆ ಛಲೋ ಆತು ಹೇಳ್ರಿ?’

ಡೈರಿ ಎತ್ತಿಕೊಂಡು ಹೊರಗೆ ಬಂದೆ. ಸಾಕ್ಷಿಯ ದಿನ ಕಿತ್ತೂರಿಗೆ ಹೋಗಿ ಅಲ್ಲಿಂದ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೆದ್ದಾರಿಯ ಬಸ್ಸು ಹಿಡಿದೆ. ಡೈರಿಯೂ ಖಣವೂ ಕೈಚೀಲದಲ್ಲಿದ್ದವು. ಕಂಡಿದ್ದನ್ನು ಹೇಳುವುದು ಒಂದು ಕೆಲಸ, ಗೆಲ್ಲಿಸುವುದು ಇನ್ನೊಂದು, ನನಗೆ ಸಂಬಳ ಕೊಟ್ಟದ್ದು ಮೊದಲನೆಯದಕ್ಕೆ ಎಂದು ಬಸ್ಸಿನಲ್ಲಿ ಅಂದುಕೊಂಡೆ. ಈ ಮಾತು ಬಸ್ಸಿನಲ್ಲೇ ಹೊಳೆಯಿತೋ ಆಮೇಲೆ ಹೊಳೆದದ್ದನ್ನು ಬಸ್ಸಿನಲ್ಲಿ ಕೂರಿಸಿದ್ದೇನೋ, ಹೇಳಲಾರೆ. ಅಂದಿನ ಡೈರಿಯಲ್ಲಿ ‘ಬಸ್ಸು ತುಂಬಿತ್ತು’ ಎಂದಷ್ಟೇ ಇದೆ.

ನ್ಯಾಯಮೂರ್ತಿಗಳು ಮೈಸೂರು ಕಡೆಯವರು. ದನಿ ಮೆತ್ತಗೆ. ಅರ್ಜಿದಾರನ ವಕೀಲರು, ನಮ್ಮ ಸೀಮೆಯವರೇ ಆದ ಹಿರಿಯರು, ಪಂಚನಾಮೆಯನ್ನು ನನ್ನ ಕೈಗೆ ಕೊಟ್ಟು ಕೇಳಿದರು: ‘ಇದನ್ನ ನೀವು ಸ್ಥಳದಾಗ ಬರದು, ಅಲ್ಲೇ ಪಂಚರ ಸಹಿ ತಗೊಂಡಿರಿ. ಹೌದಲ್ಲೋ?’

‘ಇಲ್ರಿ.’

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಇನ್ನೊಮ್ಮೆ ವಿಚಾರ ಮಾಡಿ ಹೇಳ್ರಿ.’

‘ಕಚೇರಿಗೆ ಬಂದು ಬರದೇನ್ರಿ. ಪಂಚರು ಆ ಊರಿಗೆ ಬಂದಿರಲಿಲ್ಲ.’

ಅವರು ಕುಳಿತುಬಿಟ್ಟರು. ನ್ಯಾಯಮೂರ್ತಿಗಳು ಬರೆಯುವುದನ್ನು ನಿಲ್ಲಿಸಿ ಕೇಳಿದರು: ‘ಎರಡು ವರ್ಷದ ಹಿಂದಿನದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಮ್ಮ?’

‘ನನ್ನ ನೆನಪು ಬೇರೇನೇ ಹೇಳುತ್ತದೆ ಸ್ವಾಮಿ. ಡೈರಿ ಹೀಗೆ ಹೇಳುತ್ತದೆ. ಅಂದೇ ಸಂಜೆ ಬರೆದದ್ದು.’

‘ಅಂದೇ ಬರೆದದ್ದಾದರೆ ನೋಡಿಕೊಂಡು ಹೇಳಬಹುದು. ಆದರೆ ನೀವು ನೋಡಿದರೆ ಎದುರು ಪಕ್ಷದವರಿಗೂ ನೋಡುವ ಹಕ್ಕು ಬರುತ್ತದೆ. ಗೊತ್ತಿದೆಯೇ?’

ಗೊತ್ತಿರಲಿಲ್ಲ. ಸಾಹೇಬರಿಗೆ ತೋರಿಸಿದ ಒಂದು ಪುಟ ಬಿಟ್ಟರೆ ಅಲ್ಲಿಯವರೆಗೆ ನನ್ನ ಡೈರಿಯನ್ನು ಯಾರೂ ಓದಿರಲಿಲ್ಲ, ತೀರಿಹೋದ ನನ್ನ ಯಜಮಾನರು ಕೂಡ. ನ್ಯಾಯಮೂರ್ತಿಗಳು ಅವಸರ ಮಾಡಲಿಲ್ಲ. ನಾನು ಚೀಲದಿಂದ ತೆಗೆದು ಕೊಟ್ಟೆ.

ಗೆದ್ದವನ ವಕೀಲರು ತರುಣರು, ಚುರುಕು. ಪುಟದ ಮೇಲೆ ಒಮ್ಮೆ ಕಣ್ಣೋಡಿಸಿ ನಕ್ಕರು. ಆಮೇಲೆ ಗಟ್ಟಿಯಾಗಿ ಓದಿದರು. ‘ನನಗೂ ಉಡಿ ತುಂಬಿದರು. ಅಂದರೆ, ಲಂಚ ಹಿಡಿಯಲು ಹೋದ ಅಧಿಕಾರಿಯೇ ಅದನ್ನು ಪಡೆದರು. ಹೌದೇ?’

‘ಹೌದ್ರಿ.’

‘ಎಲ್ಲಿದೆ ಆ ಖಣ?’

ತೆಗೆದು ಕಟಕಟೆಯ ಮೇಲೆ ಇಟ್ಟೆ. ಹಿಂದೆ ಯಾರೋ ಕೆಮ್ಮಿದರು. ವಶಪಡಿಸಿಕೊಂಡ ದಾಖಲೆ ಇಲ್ಲದ ವಸ್ತುವನ್ನು ಗುರುತು ಮಾಡಲಾಗದು, ಇಟ್ಟುಕೊಳ್ಳಿ ಎಂದರು ನ್ಯಾಯಮೂರ್ತಿಗಳು. ಇದನ್ನೂ ನೆನಪಿಡಿ ಮಕ್ಕಳೇ. ಸಾಕ್ಷ್ಯವನ್ನು ಎರಡು ವರ್ಷ ಟ್ರಂಕಿನಲ್ಲಿಟ್ಟರೆ ಅದು ಬರೀ ಬಟ್ಟೆ.

ವಕೀಲರು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ‘ಮುಂದೆ ಬರೆದಿದ್ದೀರಿ, ಆರು ವರ್ಷದ ಮೇಲೆ, ಅಂತ. ಏನದು? ಆರು ವರ್ಷಕ್ಕೊಮ್ಮೆ ತೆಗೆದುಕೊಳ್ಳುವ ರೂಢಿಯೋ?’

‘ಅವತ್ತಿಗೆ ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ರಿ. ಅಂದಿನಿಂದ ನನಗ ಯಾರೂ ಉಡಿ ತುಂಬಿರಲಿಲ್ಲ.’

ವಕೀಲರು ಡೈರಿ ಮುಚ್ಚಲು ಹೋದರು. ನ್ಯಾಯಮೂರ್ತಿಗಳು ಕೈ ಎತ್ತಿದರು.

‘ಒಂದು ನಿಮಿಷ. ನನಗೆ ನಿಮ್ಮ ಕಡೆಯ ಪದ್ಧತಿ ಗೊತ್ತಿಲ್ಲ. ಕುಬಸದ ಮನೆಯಲ್ಲಿ ಉಡಿ ತುಂಬುವುದು ಯಾರಿಗೆ?’

‘ಬಸುರಿಗೆ ತುಂಬುತ್ತಾರೆ ಸ್ವಾಮಿ. ಬಂದ ಮುತ್ತೈದೆಯರಿಗೆ ಬೇಕಾದರೆ ತುಂಬುತ್ತಾರೆ. ಖಣ ಬಂದವರು ಬಸುರಿಗೆ ತರಬೇಕು, ಮನೆಯವರು ಬಂದವರಿಗೆ ಹಂಚುವುದಲ್ಲ.’

‘ಗಂಡನನ್ನು ಕಳೆದುಕೊಂಡವರಿಗೆ?’

‘ಇಲ್ಲ ಸ್ವಾಮಿ. ಕುಬಸದ ಮನೆಯಲ್ಲಿ ನಾವು ಮುಂದೆ ನಿಲ್ಲುವುದೂ ಇಲ್ಲ.’

‘ನಿಮಗೆ ಹೇಗೆ ತುಂಬಿದರು? ಆ ಹಿರಿಯರಿಗೆ ತಿಳಿದಿರಲಿಲ್ಲವೇ?’

‘ನನ್ನ ಬರಿಹಣೆ ಅವರಿಗೆ ಕಾಣುತ್ತಿತ್ತು ಸ್ವಾಮಿ.’

ಅವರು ವಕೀಲರ ಕಡೆ ತಿರುಗಿದರು. ‘ಮುಂದಿನ ಸಾಲು ಓದಿ.’

ವಕೀಲರು ಮೆಲ್ಲಗೆ ಓದಿದರು. ಭಾನುವಾರ ನನ್ನ ಕಣ್ಣು ನಿಲ್ಲದೆ ದಾಟಿಹೋಗಿದ್ದ ಸಾಲುಗಳು: ‘ಮೈಕಿನಲ್ಲಿ ಮೂರನೇ ವಾರ್ಡಿನವರು ಬರ್ರಿ ಎಂದು ಕರೆಯುತ್ತಿದ್ದರು. ಸಾಲಿನಲ್ಲಿ ನನ್ನಂಥವರು ನಾಲ್ವರು, ಅವರಿಗೂ ತುಂಬಿದರು.’

ನಾನು ಆ ಕಟಕಟೆಯಲ್ಲಿ ನಿಂತಾಗಲೇ ನನಗೆ ಅರ್ಥವಾದದ್ದು. ಪಾರ್ವತೆವ್ವ ನನ್ನ ಸೆರಗಿಗೆ ಅಕ್ಕಿ ಹಾಕುವಾಗ ನನ್ನ ಕಣ್ಣು ತುಂಬಿತ್ತು. ಈ ಮನೆಯವರು ಎಷ್ಟು ದೊಡ್ಡ ಮನಸ್ಸಿನವರು ಎಂದುಕೊಂಡಿದ್ದೆ. ಅದಕ್ಕೇ ಬೇಡ ಅನ್ನಲಾಗಿರಲಿಲ್ಲ. ಆ ಮನೆಯಲ್ಲಿ ಅಂದು ಯಾರೂ ಹಣೆ ನೋಡಿರಲಿಲ್ಲ, ಮತ ನೋಡಿದ್ದರು. ವಿಧವೆಯ ಮತಕ್ಕೂ ಮುತ್ತೈದೆಯ ಮತಕ್ಕೂ ಪೆಟ್ಟಿಗೆಯಲ್ಲಿ ಒಂದೇ ತೂಕ. ಅಂಗಳಕ್ಕೆ ಕಾಲಿಟ್ಟ ಯಾವ ಹೆಂಗಸನ್ನೂ ಬಿಡಬಾರದು ಎಂಬ ನಿಯಮದಲ್ಲಿ ನಾನೂ ಸಿಕ್ಕಿದ್ದೆ.

ಮುಂದಿನ ತಾರೀಖಿಗೆ ಪಾರ್ವತೆವ್ವನನ್ನು ಗೆದ್ದವನ ಕಡೆಯ ಸಾಕ್ಷಿಯಾಗಿ ಕರೆಸಿದ್ದರು. ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಕಾಲ ಬದಲಾಗಿದೆ, ತಮ್ಮ ಮನೆಯಲ್ಲಿ ಎಲ್ಲ ಹೆಂಗಸರಿಗೂ ಉಡಿ ತುಂಬುತ್ತಾರೆ ಎಂದು ಆಕೆ ಹೇಳಬೇಕಿತ್ತು. ವಕೀಲರು ಚೆನ್ನಾಗಿಯೇ ಕೇಳಿದರು, ಆಕೆ ಹೂಂ ಅಂದರು. ಆಮೇಲೆ ನ್ಯಾಯಮೂರ್ತಿಗಳು ಕೇಳಿದರು: ‘ನಿಮಗೆ ಮಗಳಿದ್ದರೆ ಅವಳ ಕುಬಸವನ್ನೂ ಮಾಡಿರಬೇಕಲ್ಲಮ್ಮ, ಅವತ್ತು ಗಂಡನಿಲ್ಲದವರಿಗೆ ಉಡಿ ತುಂಬಿದ್ದಿರಾ?’

‘ಎಲ್ಲೀದ್ರಿ ಸಾಹೇಬ್ರ. ಗಂಡ ಇಲ್ಲದ ನಮ್ಮ ಖಾಸ ಅಕ್ಕನ್ನ ಅಡಿಗಿಮನಿಯೊಳಗ ಕುಂಡ್ರಿಸಿದ್ದೆ.’

‘ಸೊಸೆಯ ಕುಬಸದಲ್ಲಿ ಮಾತ್ರ ಯಾಕೆ ತುಂಬಿದಿರಿ?’

‘ಯಾರನ್ನೂ ಬಿಡಬ್ಯಾಡ ಅಂತ ಹೇಳಿದ್ರು.’

‘ಯಾರು ಹೇಳಿದರು?’

ಆಕೆ ವಕೀಲರನ್ನು ನೋಡಿದರು, ನೆಲ ನೋಡಿದರು. ‘ಗಂಡಸರು ಹೇಳಿದ್ರು.’

‘ಹೆಸರು?’

‘ಗಂಡಸರ್ರಿ. ಮನ್ಯಾಗ ಇಪ್ಪತ್ತ್ ಮಂದಿ ಇದ್ರು. ಯಾರಂತ ಹೇಳ್ಲಿ.’

ಅಲ್ಲಿಂದ ಮುಂದೆ ಆಕೆ ಸರಿಯಲಿಲ್ಲ. ಹೊರಗೆ ಬಂದಾಗ ನನ್ನನ್ನು ಕಂಡು ನಿಂತರು. ‘ಬಾಯಾರ, ನಿಮ್ಮ ಖಣ ಹೊಲಿಸ್ಕೊಳ್ಳಲಿಲ್ಲಂತ,’ ಎಂದರು. ಸಿಟ್ಟಿರಲಿಲ್ಲ. ‘ನಾ ಕೊಟ್ಟಿದ್ದು ಸುಳ್ಳಲ್ಲ ಯವ್ವಾ. ನಿನಗ ತುಂಬುವಾಗ ನನಗ ಖರೇನ ಛಲೋ ಅನಿಸಿತ್ತು.’ ಅದು ಡೈರಿಯಲ್ಲಿದೆ.

ತೀರ್ಪು ಬಂತು. ಕುಬಸ ಹೆಸರಿಗೆ ಕುಬಸ, ನಡೆದದ್ದು ಪ್ರಚಾರ ಎಂದು ನ್ಯಾಯಮೂರ್ತಿಗಳು ಒಪ್ಪಿದರು. ಒಂದು ಪ್ಯಾರಾದಲ್ಲಿ ಅದಕ್ಕೆ ಒರೆಗಲ್ಲು ಬರೆದರು. ಮನೆಯ ಕಾರ್ಯವೋ ಮತದ ಕಾರ್ಯವೋ ಎಂದು ತಿಳಿಯಬೇಕಾದರೆ ಬಂದವರನ್ನು ಯಾವ ಪಟ್ಟಿಯ ಪ್ರಕಾರ ಕರೆದರು ಎಂದು ನೋಡಬೇಕು. ಯಾರು ಯಾರಿಗೆ ಕೊಟ್ಟರು ಎಂದು ನೋಡಬೇಕು. ಆ ಮನೆತನ ತನ್ನದೇ ಪದ್ಧತಿಯನ್ನು ಆ ದಿನ ಮುರಿಯಿತೇ, ಮುರಿದರೆ ಯಾರಿಗಾಗಿ ಎಂದು ನೋಡಬೇಕು. ತನ್ನ ವಿರುದ್ಧವೇ ಹೇಳಿದ ಸಾಕ್ಷಿಯ ಮಾತನ್ನು ಉಳಿದುದರಲ್ಲೂ ನಂಬಬಹುದು ಎಂದು ನನ್ನ ಬಗ್ಗೆ ಒಂದು ಸಾಲು. ಸ್ಥಳದಲ್ಲಿ ಬರೆಯದ ಪಂಚನಾಮೆಯ ಬಗ್ಗೆ ನಾಲ್ಕು ಸಾಲು, ಅವನ್ನು ಇಲ್ಲಿ ಬರೆಯಲಾರೆ. ಕೊನೆಗೆ, ಇದೆಲ್ಲ ಗೆದ್ದವನ ಒಪ್ಪಿಗೆಯಿಂದ ನಡೆಯಿತು ಎಂಬುದಕ್ಕೆ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಇಲ್ಲ. ಅರ್ಜಿ ವಜಾ.

ಗೆದ್ದವನು ಗೆದ್ದವನಾಗಿಯೇ ಉಳಿದ. ಸೋತವನ ಕಡೆಯವನೊಬ್ಬ ಸಂತೆಯಲ್ಲಿ ಎದುರಾಗಿ, ‘ಏನ್ರಿ ಹರಿಶ್ಚಂದ್ರನ ಅಕ್ಕಾರ, ಆರಾಮಿದ್ದೀರೇನ್ರಿ?’ ಎಂದ. ‘ಸುಳ್ಳ ಹೇಳಿದ್ರ ಗೆಲ್ಲತಿದ್ವಿ ನೋಡ್ರಿ.’ ಸುಳ್ಳು ಹೇಳಿದ್ದರೆ ಡೈರಿ ಹೊರಗೆ ಬರುತ್ತಿರಲಿಲ್ಲ, ವಾರ್ಡಿನ ಮಾತು ಬರುತ್ತಿರಲಿಲ್ಲ, ಆ ಪ್ಯಾರಾ ಹುಟ್ಟುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಅದು ಅರ್ಧ ಮಾತ್ರ ನಿಜ. ಪೂರ್ತಿ ನಿಜ ಇದು: ಅಂದು ಉಣ್ಣದೆ, ಕಣ್ಣು ಒರೆಸಿಕೊಂಡು, ಅಲ್ಲಿಯೇ ಕುಳಿತು ಬರೆದಿದ್ದರೆ, ಖಣದ ಡಬ್ಬಿ ತಂದವರು ಯಾರು, ಮೈಕು ಹಿಡಿದವರು ಯಾರು ಎಂದು ಹೆಸರು ಹಿಡಿದು ಬರೆದಿದ್ದರೆ, ಕೋರ್ಟಿನಲ್ಲಿ ‘ಗಂಡಸರು’ ಎಂಬುದು ಉತ್ತರವಾಗುತ್ತಿರಲಿಲ್ಲ. ಆ ಆಯ್ಕೆ ಉಳಿದದ್ದು ನನ್ನ ಸತ್ಯದಿಂದಲ್ಲ. ನನ್ನ ಪಂಚನಾಮೆಯಿಂದ.

ಇಲಾಖೆಯ ನೋಟಿಸು ಬಂತು. ಸಾಹೇಬರು ಉತ್ತರ ಬರೆಯಲು ಸಹಾಯಕ್ಕೆ ಬಂದರು, ಮೂರು ಪುಟದ ಕರಡು ತಂದಿದ್ದರು. ನಾನು ಎರಡೇ ಸಾಲು ಬರೆದೆ: ಆರೋಪ ನಿಜ, ಬೇರೆ ವಿವರಣೆ ಇಲ್ಲ. ಬಹುಶಃ ಹಾಗಾಗಿಯೇ ವಿಚಾರಣೆ ಬೇಗ ಮುಗಿಯಿತು. ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ಪೆನ್ಶನ್ ಉಳಿಯಿತು.

ಮುಂದೆ ಒಂದು ಉಪಚುನಾವಣೆ ಬಂದ ಹೊತ್ತಿಗೆ ನಿವೃತ್ತಿಗೆ ಐದು ತಿಂಗಳಿತ್ತು. ತರಬೇತಿಯಲ್ಲಿ ಹೊಸ ನಮೂನೆ ಕೊಟ್ಟರು. ಅದರಲ್ಲಿ ಹೊಸ ಕಲಮುಗಳು: ಅತಿಥಿಗಳನ್ನು ಕರೆದ ಬಗೆ, ವಸ್ತು ತಂದವರ ಹೆಸರು, ಸ್ಥಳೀಯ ಪಂಚರ ಪೂರ್ಣ ವಿಳಾಸ, ತಂಡದವರು ಏನಾದರೂ ಸ್ವೀಕರಿಸಿದ್ದರೆ ಅದರ ವಿವರ. ಇವು ಎಲ್ಲಿಂದ ಬಂದವು ಎಂದು ತರಬೇತಿ ಕೊಟ್ಟವರಿಗೆ ಗೊತ್ತಿರಲಿಲ್ಲ. ಸಂಚಾರಿ ದಳಕ್ಕೆ ಬೇರೆಯವರನ್ನು ಹಾಕುತ್ತೇವೆ, ನೀವು ಕಚೇರಿಯಲ್ಲಿರಿ ಎಂದರು ಸಾಹೇಬರು. ನನ್ನನ್ನೇ ಹಾಕಿ ಎಂದು ಬರೆದು ಕೊಟ್ಟೆ.

ಬೇರೊಂದು ಊರು, ಹೊಸ ಮನೆಯ ವಾಸ್ತುಶಾಂತಿ. ಮತ್ತೆ ಪೆಂಡಾಲು, ಮತ್ತೆ ಸಾಲು. ಈ ಸಲ ಮೈಕಿನಲ್ಲಿ ವಾರ್ಡು ಕೂಗುತ್ತಿರಲಿಲ್ಲ. ಒಬ್ಬ ಕೈಯಲ್ಲಿ ಚೀಟಿ ಹಿಡಿದು ಮೆಲ್ಲಗೆ ಗುರುತು ಹಾಕುತ್ತಿದ್ದ. ಅವರೂ ತೀರ್ಪು ಓದಿದ್ದರೋ ಏನೋ. ಮನೆಯಾಕೆ ಖಣದ ತಟ್ಟೆ ಹಿಡಿದು ನನ್ನ ಮುಂದೆ ಬಂದಳು. ನಾನು ಸೆರಗು ಒಡ್ಡಲಿಲ್ಲ. ಅಲ್ಲೇ ಇದ್ದ ಖುರ್ಚಿ ಎಳೆದು ಕುಳಿತು, ತೊಡೆಯ ಮೇಲೆ ರಟ್ಟು ಇಟ್ಟು, ನಮೂನೆ ಬಿಚ್ಚಿದೆ.

‘ಈ ಖಣ ಯಾರ್ ತಂದ್ರವಾ?’

‘ಗಂಡಸರು ತಂದಾರ್ರಿ.’

‘ಗಂಡಸರು ಅಂತ ಕಾಗದದ ಮ್ಯಾಲ ಬರಿಯಾಕ ಬರಂಗಿಲ್ಲ. ಹೆಸರ ಹೇಳ.’

ಆಕೆ ತಟ್ಟೆ ತಗ್ಗಿಸಿ ಒಳಗೆ ಹೋದಳು. ಚೀಟಿ ಹಿಡಿದವನು ಮಾಯವಾದ. ಟ್ರ್ಯಾಕ್ಟರಿನ ಹತ್ತಿರ ನಿಂತಿದ್ದ ಗಂಡಸರು ಮಾತು ನಿಲ್ಲಿಸಿ ಈ ಕಡೆ ನೋಡಿದರು. ಒಬ್ಬ, ‘ಬಾಯಾರ, ಊಟ ಮಾಡಿ ಆಮ್ಯಾಲ ಬರಕೋರಿ, ಕಾಗದೇನ್ ಓಡಿ ಹೋಗತೈತೇನು?’ ಎಂದ. ಇಬ್ಬರು ನಕ್ಕರು. ನಾನು ಪೆನ್ನು ಹಿಡಿದೇ ಕುಳಿತಿದ್ದೆ. ಅರ್ಧ ಗಂಟೆಯಾದರೂ ಆಗಿರಬೇಕು. ಸಾಲು ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ಪಂಚರಾಗಿ ಯಾರು ಬರುತ್ತೀರಿ ಎಂದು ಮೂರು ಸಲ ಕೇಳಿದೆ. ಯಾರೂ ಬರಲಿಲ್ಲ.

ಸಾಲಿನ ನಡುವಿನಿಂದ ಒಬ್ಬ ಮುದುಕಿ ಹೊರಗೆ ಬಂದಳು. ಬರಿಹಣೆ, ಮಾಸಿದ ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು. ನನ್ನ ಮುಂದೆ ನೆಲದ ಮೇಲೆ ಕುಳಿತಳು.

‘ಇಪ್ಪತ್ತೆರಡು ವರ್ಷಾತು ನನಗ ಯಾರೂ ಉಡಿ ತುಂಬಿಲ್ಲ,’ ಎಂದಳು. ‘ನಿನ್ನಿ ಮನಿತನಕ ಬಂದು, ಆಯಿ ನೀನೂ ಬಾ ಅಂತ ಕರದು ಹ್ವಾದ್ರು. ಯಾಕ ಕರದಾರ ಅನ್ನೂದು ತಿಳಿಯದಷ್ಟ್ ಹುಚ್ಚಿ ಅಲ್ಲ ನಾನು. ಬರಕೋ, ಕರದಾಂವನ ಹೆಸರ ಹೇಳತೇನಿ. ಡಬ್ಬಿ ಇಳಿಸಿದಾಂವನ ಹೆಸರೂ ಹೇಳತೇನಿ.’

ಟ್ರ್ಯಾಕ್ಟರಿನ ಕಡೆಯಿಂದ ಯಾರೋ, ‘ಏ ಆಯಿ,’ ಎಂದು ಗದರಿದರು. ಆಕೆ ತಿರುಗಿ ನೋಡಲಿಲ್ಲ. ಎರಡು ಹೆಸರು ಹೇಳಿದಳು. ಬರೆದೆ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರಿಗೂ ಕೇಳುವಂತೆ ಓದಿದೆ. ಸರಿ ಐತಿ ಎಂದಳು. ಇನ್ನೊಬ್ಬ ಪಂಚರು ಬೇಕಿತ್ತು. ಸಾಲಿನಲ್ಲಿದ್ದ ಮತ್ತೊಬ್ಬಳು, ನಡುವಯಸ್ಸಿನವಳು, ಹಸಿರು ಬಳೆಯ ಕೈಯಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು ಮುದುಕಿಯ ಪಕ್ಕದಲ್ಲಿ ಕುಳಿತಳು.

ನಾನು ಶಾಯಿಯ ಡಬ್ಬಿ ತೆಗೆದು ಮುದುಕಿಯ ಹೆಬ್ಬೆರಳಿಗೆ ಕೈ ಚಾಚಿದೆ. ಆಕೆ ನನ್ನ ಕೈ ಸರಿಸಿ ಪೆನ್ನು ಕಸಿದುಕೊಂಡಳು.

‘ಸಹಿ ಮಾಡತೇನಿ,’ ಎಂದಳು. ‘ಎಲ್ಲಿ ಮಾಡ್ಲಿ, ತೋರಸ.’